ನಕಲು ಪುಸ್ತಕ ಹಿಂದೆ ಬಿದ್ದಾಗ
(ಗ್ರೇಟರ್ ನೋಯ್ಡಾದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಲ್ಲಿಯ ಹೋಟೆಲೊಂದರಲ್ಲಿ ಭಾನುವಾರದ ನೂಕುನುಗ್ಗಲಿನಲ್ಲಿ ನಮ್ಮ ಮಾಣಿಯೊಬ್ಬ ಬರೆಸಿದ ಬಿಲ್ಲುಗಳು ಮಾಲೀಕರ ಫೋನಿನಲ್ಲಿ ಕಾಣಲಿಲ್ಲ. ಬಿಲ್ಲು ಮಾಡದೆ ಹಣ ನುಂಗಿದನೆಂದು ಸಂಬಳ ಹಿಡಿದರು. ಮರುದಿನ ಬಿಲ್ಲುಗಳೆಲ್ಲ ತಾವಾಗಿಯೇ ಬಂದು ಕುಳಿತವು. ಸಂಬಳ ಬರಲಿಲ್ಲ.

ಲೆಕ್ಕ ಮೊದಲು ಮೂಲ ಯಂತ್ರದಲ್ಲಿ ದಾಖಲಾಗುತ್ತದೆ. ನಕಲು ಯಂತ್ರ ಅದನ್ನು ನೋಡಿ ಬರೆದುಕೊಳ್ಳುತ್ತದೆ. ಮಾಲೀಕರು ನೋಡಿದ್ದು ನಕಲನ್ನು. ಹತ್ತು ಮಂದಿ ಕೂಗಿದ ದೋಸೆಯನ್ನು ಒಬ್ಬನೇ ಭಟ್ಟ ಹುಯ್ಯಬೇಕಾದರೆ ತಡವಾಗದೆ? ಮೊದಲು ಕೇಳಬೇಕಾದ್ದು, ಚೀಟಿ ಅಡಿಗೆಮನೆಗೆ ತಲುಪಲೇ ಇಲ್ಲವೋ, ತಲುಪಿ ರಾಶಿ ಬಿದ್ದಿದೆಯೋ ಎಂದು. ಒಂದು ದಾರಿಯ ದೋಷ, ಇನ್ನೊಂದು ಕೈ ಸಾಲದ ದೋಷ. ನಕಲಾಗುವ ಮುನ್ನವೇ ಮೂಲ ಯಂತ್ರ ಹಳೆಯ ಚೀಟಿಗಳನ್ನು ಎಸೆದುಬಿಟ್ಟರಂತೂ ಇಡೀ ಪುಸ್ತಕವನ್ನೇ ಹೊಸದಾಗಿ ಇಳಿಸಬೇಕು.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ದೊಡ್ಡ ಕಂಪನಿಯಲ್ಲಿಯೇ ಹೀಗಾಯಿತು. ಹೊರೆ ಹೆಚ್ಚಿ ನಕಲು ನಿಂತಿತು. ಸರಿಪಡಿಸಹೋದ ಎಂಜಿನಿಯರು ನಕಲೆಂದು ತಿಳಿದು ಮೂಲವನ್ನೇ ಅಳಿಸಿದರು. ಸುಮಾರು 6 ಗಂಟೆಯ ದಾಖಲೆ ಹೋಯಿತು. ಕಂಪನಿ ತನ್ನ ವ್ಯವಸ್ಥೆಯ ಲೋಪಗಳನ್ನು ತಾನೇ ಬರೆದು ಪ್ರಕಟಿಸಿತು. ಎಂಜಿನಿಯರಿಗೆ ಸಿಕ್ಕ ಆ ನ್ಯಾಯ ಮಾಣಿಗೇಕಿಲ್ಲ?

ಸಂಬಳ ಹಿಡಿಯುವ ಮುನ್ನ ಮೂಲ ಯಂತ್ರದ ಲೆಕ್ಕ ತೋರಿಸಿರೆಂದು ಕೇಳಲು ಸೋಮವಾರ ಮಾಲೀಕರಲ್ಲಿಗೆ ಹೋಗುತ್ತಿದ್ದೇವೆ. ಮಧ್ಯಾಹ್ನದ ಊಟದ ಪಾಳಿ ಮುಗಿದೊಡನೆ ಬನ್ನಿರಿ.