ಮಗಳ ಊರು ಎಷ್ಟು ದೂರ?



ಮಾದಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಂಜೆ ವಾಕಿಂಗ್‌ಗೆ ಇಳಿದರೆ ಒಂದು ಪ್ರಶ್ನೆ ತಪ್ಪಿದ್ದಲ್ಲ: “ನಿಮ್ಮ ಮಗಳ ಊರಿಗೆ ಎಷ್ಟು ಗಂಟೆರೀ?” ನನ್ನ ಮಗಳಿರುವುದು ಅಮೆರಿಕದ ಸ್ಯಾನ್ ಹೋಸೆಯಲ್ಲಿ. ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಸ್ಯಾನ್ ಫ್ರಾನ್ಸಿಸ್ಕೊ. ಹೈದರಾಬಾದಿನಿಂದ ಅಲ್ಲಿಗೆ ಅತಿ ಹತ್ತಿರದ ದಾರಿಯೇ ಸುಮಾರು 13,500 ಕಿಲೋಮೀಟರ್. ದುಬೈ ಮೇಲೆ ಹೋದರೆ 15,500 ದಾಟುತ್ತದೆ.

ಹತ್ತಿರದ ದಾರಿ ಗೋಡೆಯ ನಕ್ಷೆಯಲ್ಲಿ ಕಾಣುವುದಿಲ್ಲ. ಒಂದು ಮೋಸಂಬಿಗೆ ದಾರ ಹಿಡಿದು ನೋಡಿ, ಅದು ಉತ್ತರ ಧ್ರುವದ ಕಡೆಯಿಂದ ಬರುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಗಿನ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಧ್ರುವದ ಮೇಲಿಂದಲೇ ತಂದರು. ಸುಮಾರು 14,000 ಕಿಲೋಮೀಟರ್, ಸುಮಾರು 17 ಗಂಟೆ. ಶನಿವಾರ ರಾತ್ರಿ ಹೊರಟವರು ಸೋಮವಾರ ನಸುಕಿನಲ್ಲಿ ಇಳಿದರು. ಆ ಸುದ್ದಿ ನೋಡಿ ನಾನು ಹಿಗ್ಗಿದ್ದೆ, ಮಗಳು ಹತ್ತಿರವಾದಳು ಅಂತ.

ಎರಡು ವರ್ಷದ ಹಿಂದೆ ರಾಯಚೂರಿನಲ್ಲಿ ನಮ್ಮವ್ವ ಆಸ್ಪತ್ರೆ ಸೇರಿದಳು. ಸೋಮವಾರ ಸುದ್ದಿ ಬಂತು, ನಾನು ಕಾರಿನಲ್ಲಿ ಐದು ತಾಸಿಗೆ ಮುಟ್ಟಿದೆ. ಮಗಳು ದಿನಾ ಕೇಳುತ್ತಿದ್ದಳು, “ಅಮ್ಮ, ಅಜ್ಜಿ ಹೇಗಿದ್ದಾರೆ?” ದೂರದಲ್ಲಿರುವ ಹುಡುಗಿ ಗಾಬರಿಯಾಗಬಾರದೆಂದು, “ಬರೀ ಜ್ವರ ಕಣೇ” ಅಂದೆ. ನಿಜ ಹೇಳಿದ್ದು ಗುರುವಾರ. ಸಿಕ್ಕ ಟಿಕೆಟ್ ಹಿಡಿದು ಹೊರಟಳು. ಅಲ್ಲಿನ ಮನೆ ಬಿಟ್ಟು, ದುಬೈಯಲ್ಲಿ ಕಾದು, ಶಂಷಾಬಾದಿನಲ್ಲಿ ಇಳಿದು, ಕಾರಿನಲ್ಲಿ ರಾಯಚೂರು ಸೇರಲು 33 ಗಂಟೆ. ಶನಿವಾರ ಸಂಜೆ ಅವಳು ಬಾಗಿಲಿಗೆ ಬಂದಾಗ ಅವ್ವನ ಮಣ್ಣು ಮುಗಿದಿತ್ತು.

ಮಗಳು ಬೈಯಲಿಲ್ಲ. ಅಜ್ಜಿಯ ಕೌದಿ ಮಡಿಲಲ್ಲಿಟ್ಟುಕೊಂಡು, “ಸೋಮವಾರವೇ ಹೇಳಬಾರದಿತ್ತಾ ಅಮ್ಮ?” ಅಂದಳು, ಅಷ್ಟೇ. ವಿಮಾನ ತಡವಾಗಿರಲಿಲ್ಲ. ತಡ ಮಾಡಿದವಳು ನಾನು. 33 ಗಂಟೆಯ ದಾರಿಗೆ ನಾನು ಮೂರು ದಿನ ಸೇರಿಸಿದ್ದೆ.

ಅದಕ್ಕೇ ಇವತ್ತು ಎರಡು ಮಾತು. ಮಕ್ಕಳ ಊರಿನ ದೂರ ಲೆಕ್ಕ ಹಾಕುವಾಗ ವಿಮಾನದ ಗಂಟೆ ಮಾತ್ರ ಎಣಿಸಬೇಡಿ, ಹೊಸ್ತಿಲಿನಿಂದ ಹೊಸ್ತಿಲಿಗೆ ಎಣಿಸಿ. ಅವರ ಗಡಿಯಾರವೂ ನಿಮಗೆ ಗೊತ್ತಿರಲಿ: ಚಳಿಗಾಲದಲ್ಲಿ ಕ್ಯಾಲಿಫೋರ್ನಿಯ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಆದರೆ ಮನೆಯಲ್ಲಿ ಹಿರಿಯರು ಮಲಗಿದ್ದರೆ ಗಡಿಯಾರ ನೋಡಬೇಡಿ. ಅಲ್ಲಿ ನಡುರಾತ್ರಿಯಾದರೂ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿ. ಬರುವುದು, ಬಿಡುವುದು ಮಕ್ಕಳು ತೀರ್ಮಾನಿಸಲಿ. ಹೊರಡುವ ಅವಕಾಶವನ್ನಾದರೂ ನಾವು ಕಸಿದುಕೊಳ್ಳುವುದು ಬೇಡ.