ಸಾಲಗಾರನ ಮುಖ
(ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಸಾಲ ಏರಿದಾಗ ನಮ್ಮಲ್ಲಿ ಅನೇಕರು ಮೊದಲು ಕೂಟಕ್ಕೆ ಬರುವುದನ್ನೇ ಬಿಡುತ್ತಾರೆ. ಬಡ್ಡಿಯವನು ಎದುರಾದಾನೆಂದು ಬೇರೆ ಬೀದಿ ಹಿಡಿಯುತ್ತಾರೆ. ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಳ್ಳಲೂ ಅವರಿಗೆ ಮನಸ್ಸಾಗದು. ಅಂಥವರನ್ನು ನೆನೆದು ಈ ಹೊತ್ತು ಒಬ್ಬ ಸಾಲಗಾರನ ಸಂಗತಿ ಹೇಳುತ್ತೇನೆ.

ಅವನು ಹಾಲೆಂಡಿನ ಚಿತ್ರಕಾರ ರೆಂಬ್ರಾಂಟ್. 1606ರಲ್ಲಿ ಲೈಡನ್ ಊರಿನಲ್ಲಿ, ಧಾನ್ಯ ಬೀಸುವ ಗಿರಣಿಯವನ ಮಗನಾಗಿ ಹುಟ್ಟಿದನು. ಬಾಳಿನುದ್ದಕ್ಕೂ ಕನ್ನಡಿ ನೋಡಿ ತನ್ನ ಚಿತ್ರವನ್ನು ತಾನೇ ಬರೆದುಕೊಂಡನು. ಕೈತುಂಬ ಸಂಪಾದನೆಯಿದ್ದಾಗ, 1639ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ 13,000 ಗಿಲ್ಡರಿಗೆ ದೊಡ್ಡ ಮನೆ ಕೊಂಡನು. ಮರುವರ್ಷ ಬರೆದ ಚಿತ್ರದಲ್ಲಿ ಸಿರಿವಂತನ ಉಡುಪು ತೊಟ್ಟು ಬಿಗುಮಾನದಿಂದ ನಮ್ಮನ್ನು ನೋಡುತ್ತಾನೆ.

ಆದರೆ ಮನೆಯ ಬೆಲೆ ಪೂರ್ತಿ ತೀರಿರಲಿಲ್ಲ. ಹರಾಜಿನಲ್ಲಿ ಕಲಾವಸ್ತು ಕೊಳ್ಳುವ ಚಟವೂ ನಿಲ್ಲಲಿಲ್ಲ. ತಪ್ಪು ಅವನದೂ ಇತ್ತು, ಅದನ್ನು ಮರೆಮಾಚಬಾರದು. 1656ರಲ್ಲಿ ದಿವಾಳಿಯಾದನು. ಮನೆಯಲ್ಲಿದ್ದುದನ್ನೆಲ್ಲ 363 ಬಾಬುಗಳಾಗಿ ಬರೆದುಕೊಂಡರು. 1658ರಲ್ಲಿ ಮನೆಯೂ 11,218 ಗಿಲ್ಡರಿಗೆ ಮಾರಿಹೋಯಿತು.

ಅದೇ 1658ರಲ್ಲಿ ಅವನು ಮತ್ತೆ ಕನ್ನಡಿಯ ಮುಂದೆ ಕುಳಿತನು! ಹೊಂಬಣ್ಣದ ಉಡುಪು, ಕೈಯಲ್ಲಿ ಕೋಲು, ಅರಸನು ಕುಳಿತಂತೆ ಕುಳಿತಿದ್ದಾನೆ. ಮುಖದ ದಣಿವನ್ನೂ ಸುಕ್ಕನ್ನೂ ಮಾತ್ರ ಅಳಿಸಲಿಲ್ಲ.

1660ರಲ್ಲಿ ಅವನ ಮಗನೂ ಸಂಗಾತಿ ಹೆಂಡ್ರಿಕ್ಯೆಯೂ ತಮ್ಮ ಹೆಸರಿನಲ್ಲಿ ವ್ಯಾಪಾರ ಹೂಡಿದರು. ಹೆಸರಾಂತ ಗುರು ಅವರ ಕೈಕೆಳಗೆ ಅನ್ನ ವಸತಿಗಾಗಿ ದುಡಿಯುವವನಾದನು. ಮರುವರ್ಷ ತನ್ನನ್ನು ಅಪೊಸ್ತಲನಾದ ಪೌಲನ ರೂಪದಲ್ಲಿ ಬರೆದುಕೊಂಡನು. ಪೌಲನೂ ಗುಡಾರ ಮಾಡುವ ಕಸುಬಿನವನೆಂಬುದನ್ನು ನೀವು ಬಲ್ಲಿರಿ. 1665ರ ಸುಮಾರಿನ ಇನ್ನೊಂದು ಚಿತ್ರದಲ್ಲಿ ತಲೆಗೆ ಬಿಳಿ ಟೋಪಿ, ಕೈಯಲ್ಲಿ ಬಣ್ಣದ ಹಲಗೆ, ಕುಂಚಗಳು. ಅವು ಅವನ ಕೆಲಸದ ಸಲಕರಣೆಗಳು. 1669ರಲ್ಲಿ ತೀರಿಕೊಂಡಾಗ ಬಾಡಿಗೆಯ ಸಮಾಧಿಯಲ್ಲಿ ಹೂಳಿದರು. ಆ ವರ್ಷವೂ ಅವನು ತನ್ನ ಮುಖವನ್ನು ಬರೆದಿದ್ದನು.

ಸಹೋದರರೇ, ಸಾಲ ತೀರಿಸಲೇಬೇಕು. ದುಂದುಗಾರಿಕೆ ಬಿಡಲೇಬೇಕು. ಆದರೆ ಸೊತ್ತು ಬರೆದುಕೊಂಡವರಿಗೆ ಅವನ ಕೈಯ ಕಸುಬನ್ನು ಪಟ್ಟಿಗೆ ಸೇರಿಸಲಾಗಲಿಲ್ಲ. ಮನುಷ್ಯನ ಬೆಲೆಗೆ ಆ ಪಟ್ಟಿಯಲ್ಲಿ ಕಲಮೇ ಇರಲಿಲ್ಲ. ಲೆಕ್ಕದ ಪುಸ್ತಕ ಬೇರೆ, ಮನುಷ್ಯನ ಮುಖ ಬೇರೆ.

ನಾಚಿಕೆಯಿಂದ ಮನೆಯಲ್ಲೇ ಉಳಿದವರು ನಮ್ಮ ನೆರೆಯಲ್ಲಿದ್ದಾರೆ. ಬರುವ ತಿಂಗಳು ಅವರನ್ನು ಕೈಹಿಡಿದು ಕರೆತನ್ನಿರಿ. ಕಾಣಿಕೆ ತರಬೇಕಾಗಿಲ್ಲ, ಅವರು ಬಂದರೆ ಸಾಕು.