ದಡಕ್ಕಿಳಿದ ನಾವಿಕ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – ಈ ಐದೂ ಊರುಗಳಿಗೆ ಸಮುದ್ರ ಬಲು ದೂರ. ಆದರೂ ಹಡಗಿನ ನೆನಪು ಇಲ್ಲಿ ಇಲ್ಲದಿಲ್ಲ. ವಿಜಯನಗರದ ಕಾಲದಲ್ಲಿ ಹೂವು ಹೊತ್ತ ಹಡಗುಗಳು ತುಂಗಭದ್ರೆಯ ಮೇಲೆ ಹಂಪಿಗೆ ಹೋಗುತ್ತಿದ್ದವು, ಅದರಿಂದಲೇ ಹೂವಿನಹಡಗಲಿ ಎಂಬ ಹೆಸರು ಬಂತು ಎಂದು ಜನ ಹೇಳುತ್ತಾರೆ.

ನಾವಿಕನೆಂದರೆ ನೀರಿನ ಮೇಲೆ ದುಡಿಯುವವನು ಎಂದು ನಾವು ತಿಳಿದಿದ್ದೇವೆ. ಆದರೆ ಯುದ್ಧಕಾಲದಲ್ಲಿ ಅವನು ನೆಲದ ಮೇಲೂ ಹೋರಾಡಬೇಕಾಗುತ್ತದೆ. ಅಂಥ ಶೌರ್ಯಕ್ಕೂ ಪದಕವುಂಟೆ? ಉಂಟು. 1950ರ ಜನವರಿ 26ರಂದು ಸ್ಥಾಪಿತವಾದ ಪರಮವೀರ ಚಕ್ರ, ಮಹಾವೀರ ಚಕ್ರ ಮತ್ತು ವೀರ ಚಕ್ರ ಈ ಮೂರೂ ಪದಕಗಳು ಶತ್ರುವಿನ ಎದುರು ನೆಲ, ಜಲ, ಆಕಾಶ ಎಲ್ಲಿಯೇ ತೋರಿದ ಶೌರ್ಯಕ್ಕೂ ಸಲ್ಲುತ್ತವೆ. ಹುದ್ದೆಯ ಭೇದವೂ ಇಲ್ಲ.

ಮೊದಲು ನಮ್ಮ ಕರಾವಳಿಗೆ ಬರೋಣ. ಕಾರವಾರದ ಎದುರಿನ ಅಂಜದೀವ್ ದ್ವೀಪ 1961ರಲ್ಲಿ ಪೋರ್ಚುಗೀಸರ ಕೈಯಲ್ಲಿತ್ತು. ಆ ವರ್ಷದ ನವೆಂಬರ್‌ನಲ್ಲಿ ಅಲ್ಲಿಂದ 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಡಿಸೆಂಬರ್ 18ರಂದು 'ತ್ರಿಶೂಲ್' ಮತ್ತು 'ಮೈಸೂರು' ಯುದ್ಧನೌಕೆಗಳ ಬೆಂಬಲದೊಂದಿಗೆ ನೌಕಾಪಡೆಯ ತುಕಡಿಯೊಂದು ದೋಣಿಗಳಲ್ಲಿ ದ್ವೀಪಕ್ಕಿಳಿಯಿತು. ಬಂಡೆಗಳ ಮರೆಯಿಂದ ಗುಂಡಿನ ಮಳೆ ಸುರಿಯಿತು. ಏಳು ಮಂದಿ ಪ್ರಾಣ ತೆತ್ತರು, ಹತ್ತೊಂಬತ್ತು ಮಂದಿ ಗಾಯಗೊಂಡರು. ಮರುದಿನ ದ್ವೀಪ ನಮ್ಮ ವಶವಾಯಿತು. ಇಂದು ಅದರ ಪಕ್ಕದಲ್ಲೇ ನೌಕಾಪಡೆಯ ಕದಂಬ ನೆಲೆಯಿದೆ.

ಎರಡನೆಯ ಪ್ರಸಂಗ ಹತ್ತು ವರ್ಷಗಳ ಅನಂತರದ್ದು, ದೂರದ ಬಾಂಗ್ಲಾದೇಶದ್ದು. 1971ರ ಡಿಸೆಂಬರ್‌ನಲ್ಲಿ ಭಾರತೀಯ ನಾವಿಕರೂ ಮುಕ್ತಿವಾಹಿನಿಯವರೂ ಸಣ್ಣ ಗನ್‌ಬೋಟುಗಳಲ್ಲಿ ನದಿಯ ಹಾದಿಯಾಗಿ ಖುಲ್ನಾದತ್ತ ಸಾಗಿದರು. 10ರಂದು ನಮ್ಮದೇ ವಿಮಾನಗಳು ಗುರುತು ತಪ್ಪಿ ಬಾಂಬು ಹಾಕಿದ್ದರಿಂದ 'ಪದ್ಮಾ', 'ಪಲಾಶ್' ಎಂಬ ಎರಡು ಬೋಟುಗಳು ನಾಶವಾದವು. ಗಾಯಗೊಂಡು ನೀರಿಗೆ ಬಿದ್ದವರಲ್ಲಿ ಲೀಡಿಂಗ್ ಸೀಮನ್ ಚಿಮನ್ ಸಿಂಗ್ ಒಬ್ಬರು. ದಡದಿಂದ ಶತ್ರುಗಳು ಗುಂಡು ಹಾರಿಸುತ್ತಿದ್ದರೂ, ಮುಳುಗುತ್ತಿದ್ದ ಗಾಯಾಳು ಅಧಿಕಾರಿಯೊಬ್ಬರನ್ನೂ ಮತ್ತೊಬ್ಬ ನಾವಿಕನನ್ನೂ ಅವರು ದಡ ಸೇರಿಸಿದರು. ಅಲ್ಲಿಗೂ ಸುಮ್ಮನಾಗದೆ ಶತ್ರುಗಳತ್ತ ನುಗ್ಗಿ, ಗುಂಡಿನ ಗುರಿಯನ್ನು ತಮ್ಮತ್ತ ಸೆಳೆದುಕೊಂಡರು. ಅವರು ಸೆರೆಸಿಕ್ಕರು, ಜೊತೆಗಾರರಿಬ್ಬರು ತಪ್ಪಿಸಿಕೊಂಡರು. ಬಾಂಗ್ಲಾದೇಶ ವಿಮೋಚನೆಯಾದ ಮೇಲೆ ಬಿಡುಗಡೆಗೊಂಡು ಆಸ್ಪತ್ರೆ ಸೇರಿದ ಈ ನಾವಿಕನಿಗೆ ಮಹಾವೀರ ಚಕ್ರ ಸಂದಿತು.

ಇಲ್ಲಿ ಒಂದು ಮಾತನ್ನು ಗಮನಿಸಿ. ಚಿಮನ್ ಸಿಂಗರು ಆ ದಡದಲ್ಲಿ ಗೆಲ್ಲಲಿಲ್ಲ. ಬೋಟು ಹೋಗಿತ್ತು, ಮೈ ಗಾಯವಾಗಿತ್ತು, ಕೊನೆಗೆ ಸೆರೆವಾಸವೂ ಬಂತು. ಆದರೂ ದೇಶ ತನ್ನ ಎರಡನೆಯ ಅತ್ಯುನ್ನತ ಯುದ್ಧಪದಕವನ್ನು ಅವರಿಗೆ ಕೊಟ್ಟಿತು. ಪದಕ ಅಳೆದದ್ದು ಎಷ್ಟು ಶತ್ರುಗಳು ಬಿದ್ದರೆಂಬುದನ್ನಲ್ಲ, ಯಾರನ್ನು ಉಳಿಸಲು ಆತ ತನ್ನನ್ನು ಒಡ್ಡಿಕೊಂಡನೆಂಬುದನ್ನು.

ಅಂಜದೀವ್‌ನಲ್ಲಿ ಮಡಿದ ಏಳು ಮಂದಿಯ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಪದಕ ಕೆಲವರ ಎದೆಯ ಮೇಲೆ ಇರುತ್ತದೆ. ಉಳಿದವರನ್ನು ನೆನೆಯುವ ಹೊಣೆ ನಮ್ಮದು. ಮುಂದೆ ಕಾರವಾರಕ್ಕೆ ಪ್ರವಾಸ ಹೋದಾಗ ಕಡಲಿನಾಚೆ ಒಮ್ಮೆ ದೃಷ್ಟಿ ಹಾಯಿಸಿ, ಅವರನ್ನು ನೆನೆಯಿರಿ. ನಿಮ್ಮ ಊರಿನಲ್ಲೂ ಸೇನೆಯಿಂದ ನಿವೃತ್ತರಾದವರು ಇದ್ದಾರು. ಅವರ ಬಳಿ ಕುಳಿತು ಅನುಭವ ಕೇಳಿ, ಬರೆದಿಡಿ.